ಮನೆಯ ಮನರಂಜನೆಯೂ ಒಂದು ಖರ್ಚಿನ ಬಾಬು

ಬೆಳೆಗಾರ ಬಾಂಧವರು ವರ್ಷದ ಜಮಾಖರ್ಚು ಬರೆಯುವಾಗ ಮೈಲುತುತ್ತ, ಸುಣ್ಣ, ಗೊಬ್ಬರ, ಮರಗಸಿ, ಕೊಯ್ಲು, ಸಾಗಾಣಿಕೆ, ಸಂಘದ ಸಾಲದ ಬಡ್ಡಿ, ಇವಿಷ್ಟನ್ನೂ ತಪ್ಪದೆ ಕಾಣಿಸುತ್ತಾರೆ. ಮನೆಮಂದಿಯ ಸಂಜೆಯ ಸಂತೋಷಕ್ಕೆ ಆದ ಖರ್ಚು ಮಾತ್ರ ‘ಇತರೆ’ ಎಂಬ ಕಡೆಯ ಸಾಲಿನಲ್ಲಿ ಅಡಗಿ ಕೂರುತ್ತದೆ. ಈಚಿನ ವರ್ಷಗಳಲ್ಲಿ ಆ ‘ಇತರೆ’ ದಪ್ಪವಾಗುತ್ತಿದೆ, ಸಂತೋಷ ಮಾತ್ರ ಅದೇ ಪ್ರಮಾಣದಲ್ಲಿ ಬೆಳೆದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎಲೆಚುಕ್ಕೆ ರೋಗದ ವಿಷಯ ಬರೆಯಬೇಕಾದ ಪುಟದಲ್ಲಿ ಟಿ.ವಿ., ಫೋನು, ಚೆನ್ನೆಮಣೆಯ ಮಾತೇಕೆ ಎಂದು ಕೆಲವರು ಕೇಳಿಯಾರು. ಎಲೆಚುಕ್ಕೆಯ ವಿಷಯ ಹಿಂದಿನ ಸಂಚಿಕೆಗಳಲ್ಲಿ ಬಂದಿದೆ, ಮುಂದೆಯೂ ಬರುತ್ತದೆ. ತೋಟವಿದ್ದೂ ಮನೆಯಲ್ಲಿ ಮಕ್ಕಳು ನಿಲ್ಲುತ್ತಿಲ್ಲ ಎಂಬ ರೋಗಕ್ಕೆ ಸಿಂಪಡಣೆ ಇನ್ನೂ ಸಿಕ್ಕಿಲ್ಲವಾದ್ದರಿಂದ ಈ ಒಂದು ಸಂಚಿಕೆಯನ್ನು ಅದಕ್ಕೆ ಬಿಡುತ್ತಿದ್ದೇವೆ.

ಮೊದಲು ಲೆಕ್ಕ. ಒಂದು ಮನೆಯಲ್ಲಿ ಐದು ಜನ, ಐದು ಫೋನು ಎಂದಿಟ್ಟುಕೊಳ್ಳೋಣ. ತಿಂಗಳಿಗೆ ತಲೆಗೆ 250 ರೂಪಾಯಿ ರೀಚಾರ್ಜು ಎಂದರೂ ವರ್ಷಕ್ಕೆ 15,000 ಆಯಿತು. ಟಿ.ವಿ.ಯ ತಟ್ಟೆಗೆ ತಿಂಗಳಿಗೆ 300 ಎಂದರೆ ಇನ್ನು 3,600. ಒಟ್ಟು 18,600. ಒಂದೆರಡು ಎಕರೆಯ ಸಣ್ಣ ಹಿಡುವಳಿದಾರನಿಗೆ ಇದು ಒಂದು ಸುತ್ತು ಬೋರ್ಡೋ ಸಿಂಪಡಣೆಯ ಜೊತೆ ತೂಗಿ ನೋಡಬೇಕಾದ ಹಣವೇ. ಫೋನು ಬೇಡವೆಂದು ನಾವು ಹೇಳುತ್ತಿಲ್ಲ. ಮಾರುಕಟ್ಟೆ ಧಾರಣೆ, ಮಳೆಯ ಮುನ್ಸೂಚನೆ, ಬ್ಯಾಂಕಿನ ವ್ಯವಹಾರ, ಹೊರಗಿರುವ ಮಕ್ಕಳ ಮಾತು, ಎಲ್ಲಕ್ಕೂ ಅದು ಬೇಕು. ಆದರೆ ಊಟವಾದ ಮೇಲೆ ಐದು ಜನ ಐದು ಮೂಲೆಗಳಲ್ಲಿ ಐದು ಬೆಳಕು ಹಿಡಿದು ಕೂರುವುದಕ್ಕೆ ಇಷ್ಟು ಹಣ ತೆರಬೇಕೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ನಮ್ಮ ತಲೆಗೆ ಹೊಕ್ಕಿದ್ದು ತೋಟದಲ್ಲಿ ಅಲ್ಲ, ಬಯಲುಸೀಮೆಯಲ್ಲಿ. ಕಾಫಿ ಕೊಯ್ಲಿಗೆ ನಮ್ಮ ಭಾಗಕ್ಕೆ ಬರುವವರಲ್ಲಿ ಉತ್ತರದ ಜಿಲ್ಲೆಗಳವರು ಬಹುಕಾಲದಿಂದ ಇದ್ದಾರೆ. ಈಚೆಗೆ ಅಸ್ಸಾಮಿನವರೂ ಸೇರಿಕೊಂಡಿದ್ದಾರೆ. ಕೊಯ್ಲಿನ ಆಳುಗಳನ್ನು ಮುಂಚಿತವಾಗಿ ಗೊತ್ತುಮಾಡುವ ಸಲುವಾಗಿ ನಾವು ಕೆಲವರು ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನ ಕಡೆ ಹೋಗಿದ್ದೆವು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವಣ ಸೀಮೆ ಅದು. ತೊಗರಿ, ಸಜ್ಜೆ, ಜೋಳದ ಕರಿನೆಲ. ಸಿಂಧನೂರಿನ ಕಡೆ ಇಳಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಅಡಿಕೆ ಮರವನ್ನು ಅಲ್ಲಿ ಹುಡುಕಿದರೂ ಕಾಣುವುದಿಲ್ಲ. ಆದರೂ ಕೃಷಿಕರಾದ ನಮಗೆ ಆ ಊರಿನ ಹೆಸರು ಹೊಸದಾಗಿರಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಗ್ರಂಥವನ್ನು ಕನ್ನಡದಲ್ಲಿ ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಮಠ ಇರುವುದು ಅಲ್ಲಿಯೇ. ಬೇಸಾಯವನ್ನು ಬರವಣಿಗೆಗೆ ತಂದ ಊರೆಂದು ನಾವು ಒಂದು ನಮಸ್ಕಾರ ಸಲ್ಲಿಸಿಯೇ ಮುಂದೆ ಹೋದೆವು.

ಆ ಜಿಲ್ಲೆಗೆ ಇನ್ನೊಂದು ಹೆಗ್ಗಳಿಕೆ ಉಂಟು. ಅದು ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿ.ವಿ. ನೋಡಿದ್ದರು! 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ಅದು. ಅಮೆರಿಕದ ನಾಸಾ ಸಂಸ್ಥೆ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ನಮ್ಮ ದೇಶದ ಬಳಕೆಗೆ ಎರವಲು ಕೊಟ್ಟಿತ್ತು; ನೆಲದ ಮೇಲಿನ ಕೆಲಸವನ್ನೆಲ್ಲ ಇಸ್ರೋದವರು, ಆಕಾಶವಾಣಿಯವರು ಮಾಡಿದರು. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳಿಗೆ ಒಂದೊಂದು ಪೆಟ್ಟಿಗೆ. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ತಟ್ಟೆಯೇ ಆಂಟೆನಾ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನವುಗಳ ಜೊತೆಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ನಾಟಕ. ಜೊತೆಗೆ ಎಲ್ಲ ರಾಜ್ಯಗಳಿಗೂ ಸಾಮಾನ್ಯವಾಗಿ ಅರ್ಧ ಗಂಟೆ ಹಿಂದಿ. ಒಂದು ವರ್ಷ ತುಂಬುತ್ತಲೇ ಉಪಗ್ರಹವನ್ನು ಹಿಂದಕ್ಕೆ ಪಡೆದರು. ಪರದೆ ಕಪ್ಪಾಯಿತು. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತು. ಅದರ ಅಲೆ ಎಟುಕಿದ ಊರುಗಳಿಗೆ ಮಾತ್ರ ಚಿತ್ರ ಮತ್ತೆ ಕಂಡಿತು.

ಮಲೆನಾಡಿನ ನಾವು ಆಗ್ಗೆ ಏನು ಮಾಡುತ್ತಿದ್ದೆವು? ಅಡಿಕೆ ಸುಲಿಯುತ್ತಾ ರೇಡಿಯೊ ಕೇಳುತ್ತಿದ್ದೆವು. 1965ರಲ್ಲಿ ಭದ್ರಾವತಿ ಆಕಾಶವಾಣಿ, 1976ರ ಕೊನೆಗೆ ಮಂಗಳೂರು ಆಕಾಶವಾಣಿ ಬಂದ ಮೇಲೆ ನಮ್ಮ ಮಾತಿನ ಧಾಟಿಯೇ ಪೆಟ್ಟಿಗೆಯೊಳಗಿಂದ ಕೇಳತೊಡಗಿತು. ಅದಕ್ಕೆ ಮುಂಚೆ ಧಾರವಾಡ, ಬೆಂಗಳೂರು. ರೇಡಿಯೊಕ್ಕೂ ಲೈಸೆನ್ಸು ಇತ್ತೆಂಬುದು ಇಂದಿನ ಹುಡುಗರಿಗೆ ನಗೆಯ ಮಾತು: ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ಹಾಗೆ ನೋಡಿದರೆ ಕನ್ನಡ ನಾಡಿನ ರೇಡಿಯೊ ಹುಟ್ಟಿದ್ದೇ ಒಂದು ಮನೆಯಲ್ಲಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕ ಇಟ್ಟು ಪ್ರಸಾರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರೂ ಆ ಮನೆಯಿಂದಲೇ ದೇಶಕ್ಕೆ ಹೋಯಿತು.

ಅಡಿಕೆ ಸುಲಿಯುವ ಚಪ್ಪರವನ್ನು ಬಲ್ಲವರು ಬಲ್ಲರು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು, ಹಂಡೆಯಲ್ಲಿ ಬೇಯುವ ಅಡಿಕೆ, ತೊಗರಿನ ವಾಸನೆ, ನಡುವೆ ಗೂಟಕ್ಕೆ ತೂಗುಹಾಕಿದ ಟ್ರಾನ್ಸಿಸ್ಟರ್. ರಾತ್ರಿಯ ನಾಟಕ ಮುಗಿಯುವ ಹೊತ್ತಿಗೆ ಒಂದು ಬುಟ್ಟಿ ಮುಗಿದಿರುತ್ತಿತ್ತು. ಕೈಗೆ ಕೆಲಸ, ಕಿವಿಗೆ ಹಬ್ಬ. ರೇಡಿಯೊ ಇಲ್ಲದ ದಿನ ಯಾರಾದರೂ ಅಜ್ಜಿ ಕತೆ ಹೇಳುತ್ತಿದ್ದಳು. ಇದಕ್ಕೆ ಆಗುತ್ತಿದ್ದ ಖರ್ಚು ಒಂದು ಜೊತೆ ಬ್ಯಾಟರಿ ಸೆಲ್ಲು. ಅದನ್ನೂ ಬಿಸಿಲಿಗೆ ಇಟ್ಟು ಇನ್ನೆರಡು ದಿನ ಜೀವ ಹಿಡಿಸುವ ಗೃಹಿಣಿಯರು ಇದ್ದರು.

ಆದರೆ ಹಳೆಯದೆಲ್ಲ ಹೊನ್ನು ಎಂದು ಹಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಆ ಚಪ್ಪರದಲ್ಲಿ ನಡುರಾತ್ರಿಯವರೆಗೆ ಕುಳಿತ ಹೆಂಗಸರ ಸೊಂಟಕ್ಕೆ ಆದ ನೋವನ್ನು ಯಾವ ನಾಟಕವೂ ವಾಸಿಮಾಡಲಿಲ್ಲ. ಸುಲಿಯುವ ಯಂತ್ರ ಬಂದದ್ದು ಒಳ್ಳೆಯದೇ ಆಯಿತು. ರೇಡಿಯೊದ ಗುಂಡಿ ಯಜಮಾನರ ಕೈಯಲ್ಲಿತ್ತು. ವಾರ್ತೆ ಮುಗಿದೊಡನೆ ಅವರು ಆರಿಸಿದರೆ, ಮುಂದಿನ ಚಿತ್ರಗೀತೆಗಾಗಿ ಅಡಿಗೆಮನೆಯ ಬಾಗಿಲಿಗೆ ಕಿವಿಯಿಟ್ಟವರು ಸುಮ್ಮನೆ ಒಳಗೆ ಹೋಗಬೇಕಾಗಿತ್ತು. ತಾಳಮದ್ದಳೆ ಜಗಲಿಯ ಮೇಲೆ ನಡೆದರೆ ಆಳುಮಕ್ಕಳು ಅಂಗಳದಲ್ಲಿ ನಿಂತು ಕೇಳಿದರು. ರಾತ್ರಿಯಿಡೀ ಬಯಲಾಟಕ್ಕೆ ಹೋಗುತ್ತಿದ್ದವರು ಹೆಚ್ಚಾಗಿ ಗಂಡಸರೇ. ಇಂದು ಮನೆಯ ಸೊಸೆ ತನಗೆ ಬೇಕಾದ ಹಾಡನ್ನು ತನ್ನದೇ ಫೋನಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಕೇಳುತ್ತಾಳೆ. ಇದನ್ನು ಹಾಳಾದ ಕಾಲ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಹೊಸದು ಕೊಟ್ಟ ಈ ಸ್ವಾತಂತ್ರ್ಯವನ್ನು ಕಳೆಯದೆ, ಹಳೆಯದರಲ್ಲಿ ಇದ್ದ ಒಟ್ಟುಗೂಡುವಿಕೆಯನ್ನು ಮತ್ತೆ ತರಲಾದೀತೇ ಎಂಬುದಷ್ಟೇ ನಮ್ಮ ಯೋಚನೆ.

ಸಂತೆಕಲ್ಲೂರಿನಲ್ಲಿ ನಾವು ಉಳಿದ ಮನೆಯಲ್ಲಿ ಅದಕ್ಕೊಂದು ಉತ್ತರ ಕಂಡಂತಾಯಿತು. ಸಂಜೆ ಜೋಳದ ರೊಟ್ಟಿಯ ಊಟವಾದ ಮೇಲೆ ಮನೆಯ ಹಿರಿಯರೊಬ್ಬರು ಏಕತಾರಿ ತೆಗೆದರು. ಪಕ್ಕದ ಮನೆಯವರು ದಿಮ್ಮು, ತಾಳ ತಂದರು. ತತ್ವಪದಗಳು ಸಾಗಿದವು. ಆ ಸೀಮೆಯೇ ತತ್ವಪದದ ಸೀಮೆ. ಸಮೀಪದ ಮುದಗಲ್ಲಿನ ಮೊಹರಂ ಹಬ್ಬದ ಹಾಡು, ಹೆಜ್ಜೆಕುಣಿತಗಳಿಗೆ ಎಲ್ಲ ಜಾತಿಯವರೂ ಸೇರುತ್ತಾರೆ. ಮೆಚ್ಚುಗೆಯಾದದ್ದು ಅದಲ್ಲ, ಅದರ ನಡುವೆ ಹುಡುಗನೊಬ್ಬ ಮಾಡಿದ ಕೆಲಸ. ಒಂದು ಪದದ ನಡುವಣ ಸೊಲ್ಲು ಹಿರಿಯರಿಗೆ ಮರೆತುಹೋಯಿತು. ಹುಡುಗ ಫೋನಿನಲ್ಲಿ ಹುಡುಕಿ, ಬೇರೆ ಊರಿನ ಭಜನಾ ಮೇಳದವರು ಹಾಡಿದ್ದನ್ನು ಕೇಳಿಸಿದ. ಹಿರಿಯರು ಒಮ್ಮೆ ಕೇಳಿ, “ಹಂಗಲ್ಲೋ ತಮ್ಮಾ, ಅವ್ರು ಧಾಟಿ ತಪ್ಯಾರ” ಎಂದು ನಕ್ಕು, ಸೊಲ್ಲನ್ನು ಮಾತ್ರ ಅಲ್ಲಿಂದ ತೆಗೆದುಕೊಂಡು ಧಾಟಿಯನ್ನು ತಮ್ಮದನ್ನೇ ಇಟ್ಟುಕೊಂಡರು. ಎಲ್ಲರೂ ಹಾಡಿದರು. ಒಂದೇ ಫೋನು, ಹತ್ತು ಜನ. ಖರ್ಚು ಒಬ್ಬನ ರೀಚಾರ್ಜು.

ಮಸ್ಕಿ ಅಲ್ಲಿಂದ ದೂರವಿಲ್ಲವಾದ್ದರಿಂದ ಮರುದಿನ ಅಶೋಕನ ಶಾಸನವನ್ನೂ ನೋಡಿದೆವು. 1915ರಲ್ಲಿ ಪತ್ತೆಯಾದ ಈ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದ್ದುದರಿಂದ, ‘ದೇವಾನಾಂಪ್ರಿಯ’ ಎಂದರೆ ಯಾರು ಎಂಬ ಪಂಡಿತರ ಸಂಶಯ ಬಗೆಹರಿಯಿತು. ವಿಷಯ ಬಿಟ್ಟು ಒಂದು ಮಾತು: ಅದೇ ಅಶೋಕ ಗಿರ್ನಾರಿನ ದೊಡ್ಡ ಶಾಸನದಲ್ಲಿ ಜನ ಸೇರಿ ಮೋಜು ಮಾಡುವ ‘ಸಮಾಜ’ಗಳಲ್ಲಿ ಬಹಳ ದೋಷ ಕಾಣುತ್ತದೆಂದು ಹೇಳಿ, ಕೆಲವು ಸಮಾಜಗಳು ಮಾತ್ರ ತನಗೆ ಒಪ್ಪಿಗೆಯೆಂದು ಸೇರಿಸಿದ್ದಾನೆ. ಮನರಂಜನೆಯ ಬಗ್ಗೆ ಹಿರಿಯರ ಗೊಣಗಾಟಕ್ಕೆ ಎರಡು ಸಾವಿರ ವರ್ಷದ ಮೇಲಿನ ಇತಿಹಾಸ ಇದೆಯೆಂದಾಯಿತು.

ಇನ್ನು ನಮ್ಮ ಕಡೆಯ ವಿಷಯ. ಕಡಿಮೆ ಖರ್ಚಿನಲ್ಲಿ ಮನೆಮಂದಿಯೆಲ್ಲ ಕೂಡಿ ಅನುಭವಿಸಬಹುದಾದದ್ದು ನಮ್ಮಲ್ಲಿ ಎಷ್ಟಿದೆ ಎಂಬುದನ್ನು ನಾವೇ ಮರೆತಿದ್ದೇವೆ. ತಾಳಮದ್ದಳೆಯನ್ನೇ ತೆಗೆದುಕೊಳ್ಳಿ. ವೇಷವಿಲ್ಲ, ರಂಗವಿಲ್ಲ, ಜನರೇಟರು ಬೇಡ. ಒಬ್ಬ ಭಾಗವತ, ಮದ್ದಳೆ, ಚೆಂಡೆ, ನಾಲ್ಕು ಜನ ಅರ್ಥಧಾರಿಗಳು, ಹಾಸಲು ಚಾಪೆ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿದ್ದರೆ ಒಳಗೆ ವಾಲಿಯೂ ರಾಮನೂ ನ್ಯಾಯ ಅನ್ಯಾಯಗಳ ವಾದಕ್ಕೆ ಕೂರುತ್ತಾರೆ. ಬರೆದಿಟ್ಟುಕೊಂಡ ಮಾತಲ್ಲ, ಅಲ್ಲಿಯೇ ಹುಟ್ಟಿದ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಕಾಸರಗೋಡಿನಿಂದ ಘಟ್ಟದ ಮೇಲಿನವರೆಗೆ ಜನ ಮಳೆಯಲ್ಲಿ ನಡೆದು ಬರುತ್ತಿದ್ದರು. 2006ರಲ್ಲಿ ಅವರು ತೀರಿಕೊಂಡರೂ ಅವರ ಧ್ವನಿಯ ಧ್ವನಿಸುರುಳಿಗಳು ಇವೆ, ಫೋನಿನಲ್ಲಿ ಸಿಗುತ್ತವೆ. ಒಂದು ಸಣ್ಣ ಸ್ಪೀಕರಿಗೆ ಜೋಡಿಸಿದರೆ ಇಡೀ ಮನೆಗೆ ಕೇಳುತ್ತದೆ. ಕಿವಿಗೆ ತುರುಕಿಕೊಳ್ಳುವ ತಂತಿಯೊಂದನ್ನು ಬಿಟ್ಟರೆ ಮನರಂಜನೆ ತಾನಾಗಿ ಕೌಟುಂಬಿಕವಾಗುತ್ತದೆ ಎಂಬುದು ಬಹಳ ಜನಕ್ಕೆ ಹೊಳೆದಿಲ್ಲ.

ಕರಾವಳಿಯಲ್ಲಿ ಪತ್ತನಾಜೆಗೆ ಮೇಳಗಳ ತಿರುಗಾಟ ನಿಂತ ಮೇಲೆ ಚಿಕ್ಕಮೇಳದವರು ಮನೆಮನೆಗೆ ಬರುತ್ತಾರೆ. ಇಬ್ಬರು ವೇಷಧಾರಿಗಳು, ಒಬ್ಬ ಭಾಗವತ, ಹಿಮ್ಮೇಳದ ಒಂದಿಬ್ಬರು. ಸಂಜೆಯ ಹೊತ್ತು ಹತ್ತು ಹದಿನೈದು ನಿಮಿಷ ನಿಮ್ಮ ಚಾವಡಿಯೇ ರಂಗಸ್ಥಳ. ಅಕ್ಕಿ, ತೆಂಗಿನಕಾಯಿ, ಕೈಲಾದ ಕಾಣಿಕೆ. ಬಾಗಿಲು ಹಾಕಿಕೊಂಡು ಒಳಗೆ ಧಾರಾವಾಹಿ ನೋಡುತ್ತಾ ಅವರನ್ನು ಗೇಟಿನಿಂದಲೇ ಕಳಿಸುವ ಮನೆಗಳು ಹೆಚ್ಚುತ್ತಿರುವುದು ನಮಗೆ ಖೇದದ ಸಂಗತಿ. ಮಳೆಗಾಲದಲ್ಲಿ ಆ ಕಲಾವಿದರ ಮನೆಯ ಒಲೆ ಉರಿಯುವುದೂ ಅದರಿಂದಲೇ ಎಂಬುದನ್ನು ಮರೆಯಬಾರದು.

ಗಮಕದ ಮಾತೂ ಅಷ್ಟೆ. ಶಿವಮೊಗ್ಗದ ಬಳಿ ಮತ್ತೂರು, ಹೊಸಹಳ್ಳಿಗಳು ಅಡಿಕೆ ತೋಟದ ಊರುಗಳೇ. ಅಲ್ಲಿಯ ಎಚ್. ಆರ್. ಕೇಶವಮೂರ್ತಿಯವರು ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ನಿಧನರಾದರು. ಕುಮಾರವ್ಯಾಸನನ್ನು ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವುದಕ್ಕೆ ಬೇಕಾದ ಬಂಡವಾಳ ಒಂದು ಪುಸ್ತಕ.

ಹೆಗ್ಗೋಡಿನ ಸಂಗತಿಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ‘ನಮ್ಮಂಥ ಕೊಂಪೆಯಲ್ಲಿ ಇದೆಲ್ಲ ಆಗುವುದಲ್ಲ’ ಎನ್ನುವ ಬಾಂಧವರಿಗೆ ಅದಕ್ಕಿಂತ ನೇರವಾದ ಉತ್ತರ ಇಲ್ಲ. ಸಾಗರ ತಾಲೂಕಿನ ಅಡಿಕೆ ಬೆಳೆಗಾರರ ಸಣ್ಣ ಹಳ್ಳಿ ಅದು. 1949ರಲ್ಲಿ ಊರಿನ ಹುಡುಗರು ಹವ್ಯಾಸಕ್ಕೆ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಮುಂದೆ ನೀನಾಸಮ್ ಆಯಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ತಾವೇ ಅಡಿಕೆ ತೋಟದ ಮನೆಯವರು. 1973ರಲ್ಲಿ ಚಿತ್ರಸಮಾಜ ಆರಂಭಿಸಿ, ದೊಡ್ಡ ನಗರಗಳಲ್ಲಿ ಕೆಲವರಷ್ಟೇ ನೋಡುತ್ತಿದ್ದ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರಿಗೆ ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿ ಇರಲಿ, ಕೊನೆ ಕೊಯ್ದು ಬಂದ ಕೈ ತೊಳೆದುಕೊಂಡು ಪರದೇಶದ ಚಿತ್ರ ನೋಡಿ, ಮನೆಗೆ ಹೋಗುವ ದಾರಿಯಲ್ಲಿ ಟಾರ್ಚಿನ ಬೆಳಕಿನಲ್ಲಿ ಅದರ ಬಗ್ಗೆ ಜಗಳವಾಡುವ ಬೆಳೆಗಾರರು ಒಂದು ಹಳ್ಳಿಯಲ್ಲಿ ತಯಾರಾದರೆಂಬುದು ನಮಗೆ ಮುಖ್ಯ. ಎಲ್ಲ ಊರೂ ಹೆಗ್ಗೋಡಾಗಬೇಕಿಲ್ಲ. ತಿಂಗಳಿಗೊಂದು ಶನಿವಾರ, ಒಂದು ಬಿಳಿ ಗೋಡೆ, ಬಾಡಿಗೆಗೆ ತಂದ ಒಂದು ಪ್ರೊಜೆಕ್ಟರು. ಇಷ್ಟಾದರೆ ಪ್ರಾರಂಭಕ್ಕೆ ಸಾಕು.

ಮಳೆಗಾಲದ ಮಧ್ಯಾಹ್ನಗಳಿಗೆ ಚೆನ್ನೆಮಣೆ ಇದ್ದೇ ಇದೆ. ಹದಿನಾಲ್ಕು ಕುಳಿ, ಕುಳಿಗೆ ನಾಲ್ಕರಂತೆ 56 ಬೀಜ. ಆಟಿ ತಿಂಗಳಲ್ಲಿ ತುಳುನಾಡಿನ ಮನೆಗಳಲ್ಲಿ ಇದರ ಸದ್ದು ಕೇಳದ ದಿನ ಇರಲಿಲ್ಲ. ನಾಲ್ಕರ ಮಗ್ಗಿ ಬಾರದ ಮಗುವಿಗೂ ಆಟ ಹತ್ತಿದ ಮೇಲೆ ಕಳೆಯುವುದು ಕೂಡುವುದು ತಾನಾಗಿ ಬರುತ್ತದೆ. ಚೌಕಾಬಾರ, ಪಗಡೆ, ಆಡುಹುಲಿ ಆಟಗಳಿಗೆ ಸೀಮೆಸುಣ್ಣವೊಂದಿದ್ದರೆ ನೆಲವೇ ಮಣೆ. ಅಟ್ಟದ ಮೇಲಿನ ಮಣೆಯನ್ನು ಹಳೆ ಸಾಮಾನಿನವನಿಗೆ ಕೊಡುವ ಮೊದಲು ಒಮ್ಮೆ ಯೋಚಿಸಿರಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂತಹ ಮಣೆಗಳ ಪ್ರದರ್ಶನವನ್ನೇ ಏರ್ಪಡಿಸುತ್ತಾ ಬಂದಿದ್ದಾರೆ, ನೋಡಲು ಪಟ್ಟಣದ ಜನ ಹೋಗುತ್ತಾರೆ.

ಟಿ.ವಿ.ಯ ಬಗ್ಗೆ ನಮ್ಮ ಸಲಹೆ ಇಷ್ಟೆ. 2004ರಲ್ಲಿ ಪ್ರಸಾರ ಭಾರತಿಯವರು ಆರಂಭಿಸಿದ ಉಚಿತ ತಟ್ಟೆ, ಈಗ ಡಿ.ಡಿ. ಫ್ರೀ ಡಿಶ್ ಎಂದು ಕರೆಯುವುದು, ಇದಕ್ಕೆ ತಿಂಗಳ ಬಾಡಿಗೆ ಇಲ್ಲ. ತಟ್ಟೆ, ಪೆಟ್ಟಿಗೆಗಳಿಗೆ ಒಂದು ಸಲ ಹಣ ಹಾಕಿದರೆ ಮುಗಿಯಿತು. ಆಕಾಶ ಕಾಣುವ ಜಾಗ ಬೇಕು, ಬಳಂಜಿ ಮರದ ಕೆಳಗೆ ಇಟ್ಟರೆ ಚಿತ್ರ ಬರುವುದಿಲ್ಲ, ಅಷ್ಟೆ. ಚಂದನ ವಾಹಿನಿ ಅದರಲ್ಲಿ ಸಿಗುತ್ತದೆ. 2002ರಲ್ಲಿ ಡಾ. ನಾ. ಸೋಮೇಶ್ವರ ಅವರು ಆರಂಭಿಸಿದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲಿ ಬಹುಮಾನವಾಗಿ ಕೊಡುವುದು ಪುಸ್ತಕ. ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಕೂತು, ಪೆಟ್ಟಿಗೆಯಲ್ಲಿರುವವನಿಗಿಂತ ಮೊದಲು ಉತ್ತರ ಕೂಗಬಹುದಾದ ಕಾರ್ಯಕ್ರಮ ಅದು. ಕೆಲವರು ಕೇಳಿಯಾರು, ‘ಇಷ್ಟೇನಾ? ಕ್ರಿಕೆಟ್ಟು, ಹೊಸ ಸಿನಿಮಾ?’ ಎಂದು. ಅದು ಬೇಕಾದ ತಿಂಗಳು ಹಣ ಕಟ್ಟಿ ನೋಡಿರಿ, ಬೇಡವಾದ ತಿಂಗಳು ನಿಲ್ಲಿಸಿರಿ. ನಾವು ಬಹಳ ಮಂದಿ ಕಟ್ಟುವುದು ನೋಡುವುದಕ್ಕಲ್ಲ, ನಿಲ್ಲಿಸಲು ಮರೆತದ್ದಕ್ಕೆ.

ನಮ್ಮ ಸೀಮೆಯೂ ಟಿ.ವಿ.ಗೆ ಕೊಟ್ಟದ್ದು ಕಡಿಮೆಯೇನಲ್ಲ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದದ್ದು ಆಗುಂಬೆಯಲ್ಲಿ. ಎಂಬತ್ತರ ದಶಕದ ಕೊನೆಗೆ ರಾಮಾಯಣ, ಮಹಾಭಾರತ ಧಾರಾವಾಹಿಗಳು ಬರುತ್ತಿದ್ದ ಭಾನುವಾರ ಬೆಳಿಗ್ಗೆ, ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿದ್ದ ಒಂದು ಮನೆಯ ಜಗಲಿಯಲ್ಲಿ ಊರೇ ಸೇರುತ್ತಿತ್ತು. ಒಬ್ಬ ಹುಡುಗ ಮಾಡಿನ ಮೇಲೆ ದಬ್ಬೆ ತಿರುಗಿಸುತ್ತಾ ‘ಬಂತಾ? ಬಂತಾ?’ ಎಂದು ಕೂಗುತ್ತಿದ್ದ. ಅವನಿಗೆ ಕತೆ ಕಂಡದ್ದಿಲ್ಲ.

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಅಗತ್ಯವೆಂದು ತೋರಿದ ಸಂಗತಿ. ಸಂತೆಕಲ್ಲೂರಿನಲ್ಲಿ ಸಂಜೆಗೆ ಏಕತಾರಿ ಹಿಡಿದು ಹಾಡುವ ಮನೆಯವರೇ ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಲೈನುಗಳಲ್ಲಿ ಬಂದು ಇರುತ್ತಾರೆ. ಅಲ್ಲಿ ಅವರಿಗೆ ಏನಿದೆ? ಕತ್ತಲು, ಚಳಿ, ಒಂದು ಬಲ್ಬು. ಸಂಜೆ ಆರಕ್ಕೆ ಕೆಲಸ ಮುಗಿದ ಗಂಡಸು ಹೆಂಡದಂಗಡಿಯ ಕಡೆ ನಡೆದರೆ ನಾವು ಬಯ್ಯುತ್ತೇವೆ. ಬೇರೆ ಎಲ್ಲಿಗೆ ನಡೆಯಬೇಕಾಗಿತ್ತು ಎಂದು ಕೇಳಿಕೊಳ್ಳುವುದಿಲ್ಲ. ಅಲ್ಲಿಯ ಹೆಣ್ಣುಮಗಳೊಬ್ಬಳು ನಮ್ಮೊಡನೆ ಕೂಲಿಯ ದರದ ಮಾತು ಮುಗಿಸಿ, ಕಡೆಗೆ ಕೇಳಿದ್ದು ಇಷ್ಟು: “ಸಾವ್ಕಾರ್ರ, ನಿಮ್ ಲೈನಿನಾಗ ಹುಡುಗ್ರಿಗೆ ನೋಡಾಕ ಒಂದ್ ಟಿ.ವಿ. ಐತೇನ್ರಿ?” ಇಲ್ಲವೆಂದು ಹೇಳಬೇಕಾಯಿತು. ಹೋದ ವರ್ಷ ಇನ್ನೊಂದು ಕಡೆ ಇತ್ತಂತೆ, ಅದಕ್ಕೆ ಹುಡುಗರು ತಂಟೆಯಿಲ್ಲದೆ ಇದ್ದವಂತೆ. ಅವರು ಈ ಬಾರಿಯೂ ಅಲ್ಲಿಗೇ ಹೋಗುವ ಮನಸ್ಸಿನಲ್ಲಿ ಇದ್ದರು. ಕೊಯ್ಲಿಗೆ ಆಳು ಸಿಗುವುದಿಲ್ಲವೆಂದು ಪ್ರತಿ ಸಭೆಯಲ್ಲೂ ಎದ್ದು ಮಾತಾಡುವ ಬಾಂಧವರು ಇದನ್ನು ಗಮನಿಸಬೇಕು.

ಲೈನಿನ ಪ್ರತಿ ಕೋಣೆಗೂ ಪೆಟ್ಟಿಗೆ ಬೇಕಿಲ್ಲ. ಮಳೆ ಇಬ್ಬನಿ ತಾಗದ ಒಂದು ಜಗಲಿ, ಅಲ್ಲಿಗೆ ಸರಿಯಾಗಿ ಎಳೆದ ವಿದ್ಯುತ್ ತಂತಿ, ಮನೆಯಲ್ಲಿ ಹೊಸದು ತಂದಾಗ ಮೂಲೆಗೆ ಬಿದ್ದ ಹಳೆಯ ಟಿ.ವಿ., ಒಂದು ಉಚಿತ ತಟ್ಟೆ. 1975ರಲ್ಲಿ ಸರಕಾರ ಒಂದು ಹಳ್ಳಿಗೆ ಮಾಡಿದ್ದನ್ನು ಇಂದು ಒಬ್ಬ ಸಣ್ಣ ಬೆಳೆಗಾರ ತನ್ನ ಲೈನಿಗೆ ಮಾಡಬಲ್ಲ. ಮೂರು ನಾಲ್ಕು ಜನ ಅಕ್ಕಪಕ್ಕದ ತೋಟದವರು ಕೂಡಿದರೆ ಖರ್ಚು ಇನ್ನೂ ಹಗುರ. ವಾರಕ್ಕೊಂದು ರಾತ್ರಿ ಅದನ್ನು ಆರಿಸಿ ಅವರ ಪದಗಳನ್ನು ಕೇಳಲು ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋದರೆ, ತಾಳ ಹಾಕುವುದನ್ನು ಅವರೇ ಕಲಿಸಿಯಾರು.

ನಮ್ಮ ಸಂಘದ ಗೋದಾಮಿನ ಮೇಲಿನ ಸಭಾಂಗಣ ವರ್ಷಕ್ಕೆ ಒಂದು ಮಹಾಸಭೆ, ನಾಲ್ಕಾರು ಆಡಳಿತ ಮಂಡಳಿಯ ಸಭೆ ಬಿಟ್ಟರೆ ಬೀಗ ಹಾಕಿಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಿಂಗಳಿಗೊಂದು ಶನಿವಾರ ಸಂಜೆ ಅದನ್ನು ಸದಸ್ಯರ ಕುಟುಂಬಗಳಿಗೂ ತೋಟದ ಕೆಲಸಗಾರರಿಗೂ ತೆರೆದಿಡಬೇಕೆಂದು ನಾವು ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಮೊದಲ ಶನಿವಾರಕ್ಕೆ ತಾಳಮದ್ದಳೆಯೋ, ಒಂದು ಒಳ್ಳೆಯ ಕನ್ನಡ ಚಿತ್ರವೋ ಎಂಬುದನ್ನು ಸದಸ್ಯರು, ಅದರಲ್ಲೂ ಮನೆಯ ಹೆಂಗಸರು, ಗುಮಾಸ್ತರಲ್ಲಿ ಬರೆಸಿ ತಿಳಿಸಬಹುದು. ಸಭಾಂಗಣದಲ್ಲಿ ಕುರ್ಚಿ ನಲವತ್ತೇ ಇವೆ. ಅವು ವಯಸ್ಸಾದವರಿಗೆ, ಯಾರ ಮನೆಯವರು, ಯಾವ ಲೈನಿನವರು ಎಂದು ನೋಡುವುದಿಲ್ಲ. ಉಳಿದವರು ಚಾಪೆ ತರತಕ್ಕದ್ದು.